ಹದಿನೆಂಟು ನಿಮಿಷ ನಲವತ್ತೆರಡು ಸೆಕೆಂಡು

ಕಡತದ ಹೆಸರು: ಹೊಸನಗರ, ಅಹವಾಲು ಸಭೆ, ಮೂರು.
ಉದ್ದ ನಲವತ್ತೇಳು ನಿಮಿಷ.
ನಿಮಿಷಕ್ಕೆ ಹನ್ನೆರಡು ರೂಪಾಯಿ,
ಮಾತಾಡಿದರೂ ಅಷ್ಟೇ, ಕೆಮ್ಮಿದರೂ ಅಷ್ಟೇ.

ಯಾರೋ ಪುಣ್ಯಾತ್ಮ ಫೋನನ್ನು
ಫ್ಯಾನಿನ ನೇರ ಕೆಳಗೆ, ಮೇಜಿನ ಮೇಲೆ
ಮಕಾಡೆ ಮಲಗಿಸಿ ರೆಕಾರ್ಡು ಮಾಡಿದ್ದಾನೆ.
ಹಾಗಾಗಿ ಮೊದಲು ಫ್ಯಾನು ಮಾತಾಡುತ್ತದೆ,
ಆಮೇಲೆ ಮೇಜು, ಆಮೇಲೆ ಸಾಹೇಬರ ಪೆನ್ನು.
ಜನ ಕೊನೆಗೆ.

ದುರ್ಗಿಗುಡಿಯ ಈ ಮಹಡಿ ಕೋಣೆಯಲ್ಲಿ
ಹಗಲು ನನ್ನ ಕಿವಿ ನನ್ನದಲ್ಲ:
ಕೆಳಗೆ ಬ್ಯಾಟರಿ ಅಂಗಡಿಯ ಸುತ್ತಿಗೆ,
ಎದುರಿಗೆ ಟ್ಯೂಷನ್ ಮಕ್ಕಳ ಹದಿಮೂರರ ಮಗ್ಗಿ.
ರಾತ್ರಿ ಒಂದರ ಮೇಲೆ, ತಾಳಗುಪ್ಪದ ರೈಲು ಕೂಗುವ ಮುಂಚೆ,
ಪೆಡಲಿನ ಮೇಲೆ ಕಾಲಿಡುತ್ತೇನೆ.
ಅಮ್ಮನ ಹೊಲಿಗೆ ಮಿಷನ್ನಿನಲ್ಲಿ ಪಳಗಿದ ಕಾಲು.
ಅವಳು ಬಟ್ಟೆ ಮುಂದಕ್ಕೆ ತಳ್ಳುತ್ತಿದ್ದಳು,
ನಾನು ಮಾತನ್ನು ಹಿಂದಕ್ಕೆ.

ಗಂಡಸು ಒಂದು. ಗಂಡಸು ಎರಡು.
ಮೂಗು ಕಟ್ಟಿದ ಗಂಡಸು.
ಮೂವರೂ ಒಟ್ಟಿಗೆ ಮಾತಾಡಿದಾಗ
ಒಬ್ಬೊಬ್ಬರನ್ನೇ ಬಿಡಿಸಿ ಕೂರಿಸುತ್ತೇನೆ,
ಸಿಕ್ಕು ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ ಹಾಗೆ,
ತುದಿಯಿಂದ ಮೇಲಕ್ಕೆ, ಎಳೆಯದೆ.

ಹದಿನೆಂಟನೇ ನಿಮಿಷಕ್ಕೆ ಹೆಂಗಸೊಬ್ಬಳು.
ದೂರ. ಬಾಗಿಲ ಬಳಿ ಇರಬೇಕು.
"ಅದು ನಮ್ದು ಸ್ವಾಮಿ, ನಮ್ಮ ಹಕ್ಕ—"
ಟಣ್.
ಸ್ಟೀಲ್ ಲೋಟ.
ಯಾರೋ ನೀರು ಕುಡಿದು ಮೇಜಿನ ಮೇಲೆ ಕುಕ್ಕಿದ್ದಾರೆ,
ಸರಿಯಾಗಿ ಅವಳ ಮಾತಿನ ಬಾಲದ ಮೇಲೆ.

ಹಕ್ಕು ಅಂದಳೋ, ಹಕ್ಕಲು ಅಂದಳೋ?
ಒಂದು ಕಾಗದದಲ್ಲಿರುತ್ತದೆ,
ಇನ್ನೊಂದರಲ್ಲಿ ದನ ಮೇಯುತ್ತವೆ.
ವೇಗ ಅರ್ಧ ಮಾಡಿದೆ: ಮುದುಕಿಯಾದಳು.
ಫ್ಯಾನಿನ ಗುಂಯ್ ತೆಗೆದೆ: ತಗಡಿನ ಡಬ್ಬಿಯೊಳಗೆ ಇಳಿದಳು.
ಎಡಗಿವಿಯಲ್ಲಿ ಮಾತ್ರ ಕೇಳಿದೆ, ಬಲಗಿವಿಯಲ್ಲಿ ಮಾತ್ರ,
ಕಣ್ಣು ಮುಚ್ಚಿ, ಲೈಟು ಆರಿಸಿ,
ಹತ್ತೊಂಬತ್ತು ಸಲ.

ನಿಯಮದ ಹಾಳೆ ಹೇಳುತ್ತದೆ:
ಊಹಿಸಬೇಡಿ. ಕೇಳದಿದ್ದರೆ [ಅಸ್ಪಷ್ಟ] ಎಂದು ಹಾಕಿ ಮುಂದೆ ಹೋಗಿ.
ಹೋಗಬಹುದಿತ್ತು. ಈ ತಿಂಗಳು
ಅಂಥ ಎಷ್ಟು ಚೌಕ ಆವರಣ ಹಾಕಿಲ್ಲ ನಾನು!
ಆದರೆ ಅಸ್ಪಷ್ಟ ಆಗಿದ್ದು ಅವಳಲ್ಲವಲ್ಲ.

ಬೆಳಿಗ್ಗೆ ಸೊಪ್ಪಿನ ಕೆರಿಯಮ್ಮ ಬಂದಳು,
ನಗರದ ಕಡೆಯವಳು, ಒಂದು ಕಿವಿ ಮಂದ.
ಗೋಪ್ಯತೆಯ ಕರಾರಿಗೆ ಸಹಿ ಹಾಕಿದವಳು ನಾನು;
ಆದರೂ ಹೆಡ್‌ಫೋನಿನ ಒಂದು ಬಟ್ಟಲನ್ನು
ಅವಳ ಒಳ್ಳೆ ಕಿವಿಗೆ ಒತ್ತಿದೆ.
ನಾಲ್ಕೇ ಸೆಕೆಂಡು.
ಹರಿವೆ ಕಟ್ಟು ಮಡಿಲಲ್ಲಿಟ್ಟುಕೊಂಡು ಕೇಳಿದಳು.
ಇನ್ನೊಂದ್ಸಲ ಹಾಕು ಅಂದಳು.
ಹಾಕಿದೆ.

"ಈ ಹೆಂಗಸಿಗೆ ಯಾರೂ ನೀರು ಕೊಟ್ಟಿಲ್ಲ ಕಣೆ.
ನಾಲಿಗೆ ಅಂಗಳಕ್ಕೆ ಅಂಟ್ಕಂಡದೆ, ಕೇಳು."

ಅಲ್ಲ, ಆ ಮಾತು? ಹಕ್ಕೋ ಹಕ್ಕಲೋ?
"ಹಕ್ಕಲೇ ಇರ್ಬೇಕು. ಏನಾರ ಬರ್ಕ.
ಹತ್ರುಪಾಯ್ಗೆ ಎರಡು ಕಟ್ಟು, ಬೇಕಾ ಬ್ಯಾಡ್ವಾ?"

ಕೊಂಡೆ. ಮೇಲೆ ಬಂದು ಮತ್ತೆ ತುಳಿದೆ.
ನಿಜ. ಪ್ರತಿ ಪದದ ಮುಂಚೆ ಸಣ್ಣ ಚಟಕ್ ಇದೆ,
ಒಣ ತುಟಿ ಬಿಡಿಸಿಕೊಳ್ಳುವ ಸದ್ದು.
ಹತ್ತೊಂಬತ್ತು ಸಲ ನಾನು ಅದನ್ನೇ
ಗದ್ದಲ ಎಂದು ಒರೆಸಿ ಹಾಕುತ್ತಿದ್ದೆ.

ಬರೆದೆ:
"ನಮ್ಮ ಹಕ್ಕ— [ಲೋಟದ ಸದ್ದು, ಮೇಜಿನ ಕಡೆಯಿಂದ]"
ಸಮಯ ಹಾಕಿದೆ. ಕಳಿಸಿದೆ.

ಮಧ್ಯಾಹ್ನ ಉತ್ತರ ಬಂತು:
"ಮೇಡಂ, ಲೋಟ ಬೇಡ. ಹಕ್ಕು ಎಂದೇ ಮಾಡಿ ಕೊಡಿ, ಅರ್ಜೆಂಟ್."

ಹರಿವೆ ಸೋಸುತ್ತಾ ಕೂತಿದ್ದೇನೆ.
ಐನೂರ ಅರವತ್ತನಾಲ್ಕು ರೂಪಾಯಿ
ಆ ಕಡೆ ತಡೆದು ನಿಂತಿದೆ.
ಮುಂದಿನ ಕಡತ ಆಗಲೇ ಇಳಿದಿದೆ:
ಸೊರಬ, ಒಬ್ಬನೇ ಮಾತಾಡಿದ್ದು,
ಬಾಯಿ ತುಂಬ ಎಲೆಅಡಿಕೆ.